ಡೀಸೆಲ್ ಕಾರಿನ ಎಂಜಿನ್ ನಿಲ್ಲದಿರುವಿಕೆ

ಡೀಸೆಲ್ ಕಾರಿನ ಎಂಜಿನ್ ನಿಲ್ಲದಿರುವಿಕೆ ಎಂದರೆ, ಚಾಲಕನು ಕೀಲಿಯನ್ನು ತಿರುಗಿಸಿದ ಮೇಲೂ, ಕೆಲವೊಮ್ಮೆ ಕೀಲಿಯನ್ನು ಹೊರತೆಗೆದ ಮೇಲೂ, ಡೀಸೆಲ್ ಎಂಜಿನ್ ತನ್ನಷ್ಟಕ್ಕೆ ಓಡುತ್ತಲೇ ಇರುವ ದೋಷ. ಆಡುಮಾತಿನಲ್ಲಿ ಇದನ್ನು 'ಗಾಡಿ ಆಫ್ ಆಗುತ್ತಿಲ್ಲ' ಅಥವಾ 'ಎಂಜಿನ್ ಬಂದ್ ಆಗುತ್ತಿಲ್ಲ' ಎನ್ನುತ್ತಾರೆ. ಇಂಧನದ ಹರಿವನ್ನು ಯಾಂತ್ರಿಕವಾಗಿ ನಿಯಂತ್ರಿಸುವ ಹಳೆಯ ಡೀಸೆಲ್ ಕಾರುಗಳಲ್ಲಿ ಇದು ಹೆಚ್ಚಾಗಿ ಕಂಡುಬರುತ್ತದೆ. 1970 ಮತ್ತು 1980ರ ದಶಕಗಳ ಮರ್ಸಿಡಿಸ್-ಬೆಂಝ್ ಡೀಸೆಲ್ ಕಾರುಗಳು ಇದಕ್ಕೆ ಪ್ರಸಿದ್ಧ ಉದಾಹರಣೆ.

ಹೊರನೋಟಕ್ಕೆ ಒಂದೇ ಬಗೆಯ ಎರಡು ಸ್ಥಿತಿಗಳು ಈ ಹೆಸರಿನಲ್ಲಿ ಸೇರಿಕೊಂಡಿವೆ. ಮೊದಲನೆಯದರಲ್ಲಿ ಇಂಧನವನ್ನು ತಡೆಯುವ ಸಾಧನ ಕೆಟ್ಟಿರುತ್ತದೆ. ಎಂಜಿನ್ ನಿಧಾನಗತಿಯಲ್ಲಿ ಶಾಂತವಾಗಿ ಓಡುತ್ತಿರುತ್ತದೆ. ಎರಡನೆಯದರಲ್ಲಿ ಎಂಜಿನ್ ತನ್ನದೇ ಲೂಬ್ರಿಕೇಟಿಂಗ್ ಎಣ್ಣೆಯನ್ನೋ ಹೊರಗಿನ ಅನಿಲವನ್ನೋ ಉರಿಸಿಕೊಂಡು ವೇಗವನ್ನು ಏರಿಸುತ್ತಲೇ ಹೋಗುತ್ತದೆ. ಮೊದಲನೆಯದು ದುರಸ್ತಿಯ ವಿಷಯ. ಎರಡನೆಯದು ಪ್ರಾಣಾಪಾಯದ ವಿಷಯ. ಆದ್ದರಿಂದ ಎಂಜಿನ್ ನಿಲ್ಲದಿದ್ದಾಗ ಇವೆರಡರಲ್ಲಿ ಯಾವುದು ಎಂಬುದನ್ನು ಗುರುತಿಸುವುದೇ ಮೊದಲ ಕೆಲಸವಾಗಿರುತ್ತದೆ.

ಕಾರ್ಯತತ್ತ್ವ

ಪೆಟ್ರೋಲ್ ಎಂಜಿನಿನಲ್ಲಿ ಗಾಳಿ ಮತ್ತು ಪೆಟ್ರೋಲಿನ ಮಿಶ್ರಣಕ್ಕೆ ಸ್ಪಾರ್ಕ್ ಪ್ಲಗ್ಗಿನ ಕಿಡಿಯಿಂದ ಬೆಂಕಿ ತಗಲುತ್ತದೆ. ಕೀಲಿಯನ್ನು ತಿರುಗಿಸಿದರೆ ವಿದ್ಯುತ್ ಕಡಿದು, ಕಿಡಿ ನಿಂತು, ಎಂಜಿನ್ ನಿಲ್ಲುತ್ತದೆ. ಡೀಸೆಲ್ ಎಂಜಿನಿನಲ್ಲಿ ಕಿಡಿಯೇ ಇಲ್ಲ. ಸಿಲಿಂಡರಿನೊಳಗೆ ಗಾಳಿಯನ್ನು ಮಾತ್ರ ಎಳೆದುಕೊಂಡು, ಅದನ್ನು ಸುಮಾರು ಇಪ್ಪತ್ತನೇ ಒಂದು ಪಾಲಿಗೆ ಒತ್ತಲಾಗುತ್ತದೆ. ಹೀಗೆ ಒತ್ತಲ್ಪಟ್ಟ ಗಾಳಿಯ ಉಷ್ಣತೆ 500 ಡಿಗ್ರಿ ಸೆಲ್ಸಿಯಸ್ಸನ್ನೂ ಮೀರುತ್ತದೆ. ಡೀಸೆಲ್ ತಾನಾಗಿ ಹೊತ್ತಿಕೊಳ್ಳಲು ಇದರ ಅರ್ಧದಷ್ಟು ಉಷ್ಣತೆ ಸಾಕು. ಆದ್ದರಿಂದ ಇಂಧನವನ್ನು ಸಿಂಪಡಿಸಿದ ಕೂಡಲೇ ಅದು ಉರಿಯುತ್ತದೆ. ರುಡಾಲ್ಫ್ ಡೀಸೆಲ್ 1897ರಲ್ಲಿ ಜರ್ಮನಿಯ ಆಗ್ಸ್‌ಬರ್ಗ್ ನಗರದಲ್ಲಿ ಯಶಸ್ವಿಯಾಗಿ ಓಡಿಸಿ ತೋರಿಸಿದ ಎಂಜಿನಿನ ಮೂಲ ತತ್ತ್ವವೂ ಇದೇ.

ಇದರಿಂದ ಒಂದು ಮುಖ್ಯವಾದ ಸಂಗತಿ ಹೊರಡುತ್ತದೆ. ಯಾಂತ್ರಿಕ ಇಂಜೆಕ್ಷನ್ ಪಂಪ್ ಇರುವ ಡೀಸೆಲ್ ಎಂಜಿನ್ ಒಮ್ಮೆ ಓಡತೊಡಗಿದರೆ, ಮುಂದೆ ಓಡುತ್ತಿರಲು ಅದಕ್ಕೆ ವಿದ್ಯುತ್ತಿನ ಅಗತ್ಯವಿಲ್ಲ. ಇಂಜೆಕ್ಷನ್ ಪಂಪನ್ನು ಎಂಜಿನ್ನೇ ತಿರುಗಿಸುತ್ತದೆ. ಆ ಪಂಪು ಎಂಜಿನಿಗೆ ಇಂಧನವನ್ನು ಕೊಡುತ್ತದೆ. ಈ ಸರಪಣಿಯನ್ನು ಎಲ್ಲಿಯಾದರೂ ತುಂಡರಿಸದೆ ಎಂಜಿನ್ ನಿಲ್ಲುವುದಿಲ್ಲ. ತುಂಡರಿಸಲು ಇರುವ ಮಾರ್ಗಗಳು ಮೂರು:

1. ಇಂಧನವನ್ನು ತಡೆಯುವುದು.
2. ಗಾಳಿಯನ್ನು ತಡೆಯುವುದು.
3. ಎಂಜಿನ್ ಹೊರಲಾರದಷ್ಟು ಹೊರೆಯನ್ನು ಹೇರಿ ಅದನ್ನು ಉಸಿರುಗಟ್ಟಿಸುವುದು.

ಎಲ್ಲ ಡೀಸೆಲ್ ಕಾರುಗಳೂ ದಿನಬಳಕೆಯಲ್ಲಿ ಮೊದಲನೆಯ ಮಾರ್ಗವನ್ನೇ ಅವಲಂಬಿಸಿವೆ. ಉಳಿದೆರಡು ಮಾರ್ಗಗಳು ಮೊದಲನೆಯದು ಕೈಕೊಟ್ಟಾಗಿನ ಉಪಾಯಗಳು.

ಪೆಟ್ರೋಲ್ ಎಂಜಿನಿನ ದೋಷದೊಂದಿಗೆ ವ್ಯತ್ಯಾಸ

ಕಾರ್ಬ್ಯುರೇಟರ್ ಇದ್ದ ಹಳೆಯ ಪೆಟ್ರೋಲ್ ಕಾರುಗಳು ಕೂಡ ಕೀಲಿ ತಿರುಗಿಸಿದ ಮೇಲೆ ಕೆಲವು ಕ್ಷಣ ಕೆಮ್ಮುತ್ತ, ನಡುಗುತ್ತ ಓಡುವುದುಂಟು. ಸಿಲಿಂಡರಿನೊಳಗೆ ಕಟ್ಟಿಕೊಂಡ ಇಂಗಾಲದ ಕರಿ ಕೆಂಪಗೆ ಕಾದು, ಕಿಡಿಯ ಕೆಲಸವನ್ನು ತಾನೇ ಮಾಡುವುದರಿಂದ ಹೀಗಾಗುತ್ತದೆ. ಕಿಡಿಯಿಲ್ಲದೆ ಉರಿಯುವ ಕಾರಣಕ್ಕೆ ಈ ದೋಷಕ್ಕೆ 'ಡೀಸೆಲಿಂಗ್' ಎಂಬ ಹೆಸರು ಬಂದಿದೆ. ಹೆಸರಿನಲ್ಲಿ ಡೀಸೆಲ್ ಇದ್ದರೂ ಅದು ಪೆಟ್ರೋಲ್ ಎಂಜಿನಿನ ದೋಷ. ಪೆಟ್ರೋಲ್ ಎಂಜಿನ್ ಹೀಗೆ ಓಡುವಾಗ ಕ್ರಮತಪ್ಪಿ ಕುಲುಕುತ್ತದೆ ಮತ್ತು ಸಾಮಾನ್ಯವಾಗಿ ತಾನಾಗಿಯೇ ನಿಲ್ಲುತ್ತದೆ. ಇಂಧನ ತಡೆ ಕೆಟ್ಟ ಡೀಸೆಲ್ ಎಂಜಿನ್ ಮಾತ್ರ ಏನೂ ಆಗದಂತೆ ಸರಾಗವಾಗಿ, ಟ್ಯಾಂಕಿನಲ್ಲಿ ಡೀಸೆಲ್ ಇರುವವರೆಗೂ ಓಡಬಲ್ಲದು.

ನಿಲ್ಲಿಸುವ ವ್ಯವಸ್ಥೆಯ ವಿಧಗಳು

ಕೇಬಲ್ ವ್ಯವಸ್ಥೆ

ಇದು ಅತ್ಯಂತ ಹಳೆಯ ಮತ್ತು ಸರಳವಾದ ವಿಧಾನ. ಡ್ಯಾಶ್‌ಬೋರ್ಡಿನಲ್ಲಿ ಒಂದು ಗುಂಡಿ ಇರುತ್ತದೆ. ಅದನ್ನು ಎಳೆದರೆ ಅದಕ್ಕೆ ಕಟ್ಟಿದ ತಂತಿಯು ಇಂಜೆಕ್ಷನ್ ಪಂಪಿನ ಸ್ಟಾಪ್ ಲಿವರನ್ನು ಎಳೆದು, ಇಂಧನದ ಪ್ರಮಾಣವನ್ನು ಸೊನ್ನೆಗೆ ಇಳಿಸುತ್ತದೆ. ಲಾರಿ, ಟ್ರ್ಯಾಕ್ಟರ್ ಮತ್ತು ಜೀಪುಗಳಲ್ಲಿ ಈ ಗುಂಡಿ ಬಹುಕಾಲ ಬಳಕೆಯಲ್ಲಿತ್ತು. ಇಂತಹ ವಾಹನದಲ್ಲಿ ಎಂಜಿನ್ ನಿಲ್ಲದಿದ್ದರೆ ತಂತಿ ಕಡಿದಿರಬಹುದು, ತುಕ್ಕು ಹಿಡಿದು ಸಿಕ್ಕಿಕೊಂಡಿರಬಹುದು ಅಥವಾ ತಂತಿಯ ಹೊರಕವಚ ತನ್ನ ಹಿಡಿಕೆಯಿಂದ ಜಾರಿರಬಹುದು. ಕೊನೆಯ ಸಂದರ್ಭದಲ್ಲಿ ಗುಂಡಿ ಪೂರ್ತಿ ಹೊರಬಂದರೂ ಪಂಪಿನ ಲಿವರ್ ಅಲುಗುವುದಿಲ್ಲ.

ನಿರ್ವಾತ ವ್ಯವಸ್ಥೆ

ಮರ್ಸಿಡಿಸ್-ಬೆಂಝ್ 1936ರ ಫೆಬ್ರವರಿಯಲ್ಲಿ ಬರ್ಲಿನ್ ಮೋಟಾರು ಪ್ರದರ್ಶನದಲ್ಲಿ 260 ಡಿ ಎಂಬ ಡೀಸೆಲ್ ಕಾರನ್ನು ಮುಂದಿಟ್ಟಿತು. ಮುಂದಿನ ದಶಕಗಳಲ್ಲಿ ಡೀಸೆಲ್ ಕಾರೆಂದರೆ ಆ ಸಂಸ್ಥೆಯ ಹೆಸರೇ ನೆನಪಾಗುವಷ್ಟು ಅದರ ಕಾರುಗಳು ಹರಡಿದವು. ಡಬ್ಲ್ಯೂ 123 ಎಂಬ ಮಾದರಿಯ ತಯಾರಿಕೆ 1976ರ ಹೊತ್ತಿಗೆ ಆರಂಭವಾಗಿ 1980ರ ದಶಕದ ನಡುವಿನವರೆಗೆ ನಡೆಯಿತು. ಈ ಸರಣಿಯ 300 ಡಿ ಕಾರಿನಲ್ಲಿ ಓಎಂ 617 ಎಂಬ ಐದು ಸಿಲಿಂಡರುಗಳ, ಮೂರು ಲೀಟರಿನ ಎಂಜಿನ್ ಇತ್ತು. ಇಂತಹ ಕಾರುಗಳಲ್ಲಿ ಚಾಲಕನು ಪೆಟ್ರೋಲ್ ಕಾರಿನಂತೆಯೇ ಕೀಲಿಯನ್ನು ತಿರುಗಿಸಿ ಎಂಜಿನನ್ನು ನಿಲ್ಲಿಸುವಂತೆ ಮಾಡಲು ನಿರ್ವಾತವನ್ನು, ಅಂದರೆ ವ್ಯಾಕ್ಯೂಮನ್ನು, ಬಳಸಿಕೊಳ್ಳಲಾಯಿತು.

ವ್ಯವಸ್ಥೆಯ ಕೆಲಸ ಹೀಗಿದೆ. ಎಂಜಿನಿನ ಮುಂಭಾಗದಲ್ಲಿರುವ ಒಂದು ಪಂಪು ಗಾಳಿಯನ್ನು ಹೀರಿ ನಿರ್ವಾತವನ್ನು ಉಂಟುಮಾಡುತ್ತದೆ. ಇದರ ಮುಖ್ಯ ಕೆಲಸ ಬ್ರೇಕಿನ ಬೂಸ್ಟರಿಗೆ ಬಲ ಕೊಡುವುದು. ಡೀಸೆಲ್ ಎಂಜಿನಿನ ಗಾಳಿದಾರಿಯಲ್ಲಿ ಪೆಟ್ರೋಲ್ ಎಂಜಿನಿನಂತೆ ಥ್ರಾಟಲ್ ಬಾಗಿಲಿನಿಂದ ಉಂಟಾಗುವ ಹೀರುಬಲ ಇರುವುದಿಲ್ಲವಾದ್ದರಿಂದ ಇಂತಹ ಪ್ರತ್ಯೇಕ ಪಂಪು ಬೇಕಾಗುತ್ತದೆ. ಬ್ರೇಕಿನ ದೊಡ್ಡ ಕೊಳವೆಯಿಂದ ಕವಲೊಡೆದ ಸಣ್ಣ ಕೊಳವೆಯೊಂದು ಕೀಲಿಯ ಸ್ವಿಚ್ಚಿನ ಹಿಂಬದಿಯಲ್ಲಿರುವ ಪುಟ್ಟ ಕವಾಟಕ್ಕೆ ಹೋಗುತ್ತದೆ. ಅಲ್ಲಿಂದ ಇನ್ನೊಂದು ಕೊಳವೆ ಇಂಜೆಕ್ಷನ್ ಪಂಪಿನ ಹಿಂಭಾಗದಲ್ಲಿರುವ ಸ್ಥಗನ ಕವಾಟಕ್ಕೆ ಬರುತ್ತದೆ. ಕೀಲಿಯನ್ನು ಮುಚ್ಚುವ ಕಡೆಗೆ ತಿರುಗಿಸಿದಾಗ ನಿರ್ವಾತವು ಈ ಸ್ಥಗನ ಕವಾಟಕ್ಕೆ ತಲುಪಿ, ಅದರೊಳಗಿನ ರಬ್ಬರಿನ ಪೊರೆಯನ್ನು ಎಳೆಯುತ್ತದೆ. ಪೊರೆಗೆ ಸೇರಿದ ಕೊಂಡಿಯು ಪಂಪಿನೊಳಗಿನ ಇಂಧನ ನಿಯಂತ್ರಕ ದಂಡವನ್ನು ಸೊನ್ನೆಯ ಸ್ಥಾನಕ್ಕೆ ಸರಿಸುತ್ತದೆ, ಎಂಜಿನ್ ನಿಲ್ಲುತ್ತದೆ.

ಗಮನಿಸಬೇಕಾದ ಅಂಶವೆಂದರೆ, ಇಲ್ಲಿ ಎಂಜಿನನ್ನು ನಿಲ್ಲಿಸಲು ಬಲ ಬೇಕು. ಆ ಬಲ ಇಲ್ಲವಾದರೆ ಎಂಜಿನ್ ಓಡುತ್ತಲೇ ಇರುತ್ತದೆ. ದಾರಿಯಲ್ಲಿ ಎಲ್ಲಿ ಒಂದು ಸೋರಿಕೆ ಇದ್ದರೂ, ಒಂದು ರಬ್ಬರ್ ಜೋಡಣೆ ಸೀಳಿದ್ದರೂ, ಕೀಲಿ ತನ್ನ ಅಧಿಕಾರವನ್ನು ಕಳೆದುಕೊಳ್ಳುತ್ತದೆ. ಇದೇ ಕಾರುಗಳಲ್ಲಿ ಬಾಗಿಲುಗಳ ಸೆಂಟ್ರಲ್ ಲಾಕ್ ಮತ್ತು ಹವಾನಿಯಂತ್ರಣದ ಬಾಗಿಲುಗಳೂ ಇದೇ ನಿರ್ವಾತವನ್ನು ಹಂಚಿಕೊಂಡಿವೆ. ಹಾಗಾಗಿ ಹಿಂಬಾಗಿಲಿನ ಲಾಕಿನಲ್ಲಿರುವ ಹರಿದ ಪೊರೆಯೊಂದು ಎಂಜಿನ್ ನಿಲ್ಲದಿರಲು ಕಾರಣವಾಗಬಹುದು. ಮೇಲ್ನೋಟಕ್ಕೆ ವಿಚಿತ್ರವೆನಿಸುವ ಈ ಸಂಬಂಧವನ್ನು ತಿಳಿಯದ ಮೆಕ್ಯಾನಿಕ್ ಇಂಜೆಕ್ಷನ್ ಪಂಪನ್ನೇ ಅನಗತ್ಯವಾಗಿ ಬಿಚ್ಚುವ ಸಂಭವವಿದೆ.

ವಿದ್ಯುತ್ ಸೊಲೆನಾಯ್ಡ್ ವ್ಯವಸ್ಥೆ

ರೋಟರಿ ಮಾದರಿಯ ಇಂಜೆಕ್ಷನ್ ಪಂಪುಗಳಲ್ಲಿ, ಉದಾಹರಣೆಗೆ ಬಾಷ್ ವಿಇ ಪಂಪಿನಲ್ಲಿ, ಇಂಧನದ ದಾರಿಗೆ ಒಂದು ಸೊಲೆನಾಯ್ಡ್ ಕವಾಟವನ್ನು ಇರಿಸಲಾಗುತ್ತದೆ. ಕೀಲಿ ಆನ್ ಇರುವಾಗ ವಿದ್ಯುತ್ ಹರಿದು, ಅದರ ಒಳಗಿನ ಉಕ್ಕಿನ ಕಡ್ಡಿ ಮೇಲೆದ್ದು ದಾರಿ ತೆರೆಯುತ್ತದೆ. ಕೀಲಿ ಆಫ್ ಆದಾಗ ಸ್ಪ್ರಿಂಗ್ ಅದನ್ನು ಕೆಳಕ್ಕೆ ತಳ್ಳಿ ದಾರಿ ಮುಚ್ಚುತ್ತದೆ. ಇದು ನಿರ್ವಾತ ವ್ಯವಸ್ಥೆಗೆ ತದ್ವಿರುದ್ಧ. ಇಲ್ಲಿ ಎಂಜಿನ್ ಓಡಲು ವಿದ್ಯುತ್ ಬೇಕು. ವಿದ್ಯುತ್ ಹೋದರೆ ಎಂಜಿನ್ ನಿಲ್ಲಬೇಕು. ಹಾಗಿದ್ದೂ ನಿಲ್ಲದಿದ್ದರೆ ಕಾರಣ ಎರಡರಲ್ಲಿ ಒಂದು: ಕಡ್ಡಿಯು ಕೊಳೆಯಿಂದಲೋ ಅಂಟಿನಿಂದಲೋ ತೆರೆದ ಸ್ಥಿತಿಯಲ್ಲೇ ಸಿಕ್ಕಿಕೊಂಡಿದೆ ಅಥವಾ ಅದರ ತುದಿಯ ರಬ್ಬರ್ ಸವೆದಿದೆ, ಇಲ್ಲವೇ ಕೀಲಿ ಆಫ್ ಆದ ಮೇಲೂ ಬೇರೆ ದಾರಿಯಿಂದ ಸೊಲೆನಾಯ್ಡಿಗೆ ವಿದ್ಯುತ್ ಬರುತ್ತಿದೆ.

ಎರಡು ಸ್ಥಿತಿಗಳನ್ನು ಗುರುತಿಸುವುದು

ಎಂಜಿನ್ ನಿಲ್ಲದಿದ್ದಾಗ ಮೊದಲು ಅದರ ಸದ್ದನ್ನು ಆಲಿಸಬೇಕು. ಸದ್ದು ಎಂದಿನ ನಿಧಾನಗತಿಯದಾಗಿದ್ದು, ಏರಿಳಿತವಿಲ್ಲದೆ ಸಾಗುತ್ತಿದ್ದರೆ ಅದು ಇಂಧನ ತಡೆಯ ದೋಷ. ಹೊಗೆ ಎಂದಿನಷ್ಟೇ ಇರುತ್ತದೆ. ಆಕ್ಸಿಲರೇಟರನ್ನು ಒತ್ತಿದರೆ ವೇಗ ಏರುತ್ತದೆ, ಬಿಟ್ಟರೆ ಇಳಿಯುತ್ತದೆ. ಈ ಸ್ಥಿತಿಯಲ್ಲಿ ಎಂಜಿನಿಗೆ ಯಾವ ಹಾನಿಯೂ ಆಗುತ್ತಿಲ್ಲ, ಚಾಲಕನು ಗಾಬರಿಪಡಬೇಕಾಗಿಲ್ಲ.

ಇದಕ್ಕೆ ಬದಲಾಗಿ, ಕಾಲು ಆಕ್ಸಿಲರೇಟರಿನ ಮೇಲೆ ಇಲ್ಲದಿದ್ದರೂ ಸದ್ದು ಕ್ಷಣಕ್ಷಣಕ್ಕೂ ಏರುತ್ತಿದ್ದು, ಹಿಂಬದಿಯಿಂದ ದಟ್ಟವಾದ ನೀಲಿ ಅಥವಾ ಬಿಳಿ ಹೊಗೆ ಹೊರಬರುತ್ತಿದ್ದರೆ ಅದು ಅಂಕೆತಪ್ಪಿದ ಓಟ. ಇದನ್ನು 'ರನ್‌ಅವೇ' ಎನ್ನುತ್ತಾರೆ. ಇಲ್ಲಿ ಯೋಚಿಸಲು ದೊರೆಯುವುದು ಕೆಲವೇ ಸೆಕೆಂಡುಗಳು.

ಇಂಧನ ತಡೆ ಕೆಟ್ಟಾಗ ಮಾಡಬೇಕಾದ ಕ್ರಮ

ಕಾರನ್ನು ಸಮತಟ್ಟಾದ, ಗಾಳಿಯಾಡುವ ಜಾಗದಲ್ಲಿ ನಿಲ್ಲಿಸಿ, ಗೇರನ್ನು ನ್ಯೂಟ್ರಲ್‌ಗೆ ಅಥವಾ ಆಟೊಮ್ಯಾಟಿಕ್ ಆದರೆ ಪಾರ್ಕಿಗೆ ತಂದು, ಹ್ಯಾಂಡ್‌ಬ್ರೇಕ್ ಹಾಕಬೇಕು. ಚಕ್ರಗಳಿಗೆ ಕಲ್ಲು ಕೊಡುವುದು ಒಳ್ಳೆಯದು. ಆಮೇಲೆ ಕೆಳಗಿನ ಉಪಾಯಗಳನ್ನು ಕ್ರಮವಾಗಿ ಅನುಸರಿಸಬಹುದು.

ಮೊದಲನೆಯದು, ಪಂಪಿನ ಮೇಲಿನ ಸ್ಟಾಪ್ ಲಿವರ್. ಓಎಂ 617 ಮತ್ತು ಅದರ ಬಂಧು ಎಂಜಿನುಗಳಲ್ಲಿ ಬಾನೆಟ್ ತೆರೆದಾಗ 'ಸ್ಟಾಪ್' ಎಂದು ಇಂಗ್ಲಿಷಿನಲ್ಲಿ ಬರೆದಿರುವ ಲಿವರ್ ಕಾಣುತ್ತದೆ. ಅದನ್ನು ಒತ್ತಿ ಹಿಡಿದರೆ ಎಂಜಿನ್ ಕೂಡಲೇ ನಿಲ್ಲುತ್ತದೆ. ನಿರ್ವಾತ ಕೈಕೊಟ್ಟಾಗ ಬಳಸಲೆಂದೇ ತಯಾರಕರು ಇದನ್ನು ಇಟ್ಟಿದ್ದಾರೆ. ಕೇಬಲ್ ವ್ಯವಸ್ಥೆಯ ಪಂಪುಗಳಲ್ಲಿಯೂ ಕೇಬಲ್ ಸೇರುವ ಲಿವರನ್ನು ಕೈಯಿಂದ ಸರಿಸಿದರೆ ಇದೇ ಫಲ ದೊರೆಯುತ್ತದೆ. ಓಡುವ ಎಂಜಿನಿನ ಬಳಿ ಕೈಯಿಡುವಾಗ ಫ್ಯಾನು ಮತ್ತು ಬೆಲ್ಟುಗಳಿಂದ ದೂರವಿರಬೇಕು. ಸೀರೆಯ ಸೆರಗು, ಶಲ್ಯ, ಸಡಿಲವಾದ ತೋಳು ಯಾವುದೂ ಒಳಕ್ಕೆ ಇಳಿಬೀಳಬಾರದು.

ಎರಡನೆಯದು, ಸೊಲೆನಾಯ್ಡ್ ಇರುವ ಪಂಪಿನಲ್ಲಿ ಅದರ ಮೇಲಿನ ವಿದ್ಯುತ್ ತಂತಿಯನ್ನು ಕಳಚುವುದು. ಎಂಜಿನ್ ನಿಂತರೆ ದೋಷ ವಿದ್ಯುತ್ ಜಾಲದಲ್ಲಿದೆ. ನಿಲ್ಲದಿದ್ದರೆ ಸೊಲೆನಾಯ್ಡಿನಲ್ಲೇ ಇದೆ.

ಮೂರನೆಯದು, ಹೊರೆ ಹೇರಿ ನಿಲ್ಲಿಸುವುದು. ಕೈಗೇರಿನ ಕಾರಿನಲ್ಲಿ ಮುಂದೆ ಯಾರೂ ಇಲ್ಲವೆಂದು ಖಚಿತಪಡಿಸಿಕೊಂಡು, ಕಾಲುಬ್ರೇಕನ್ನು ಬಲವಾಗಿ ಅದುಮಿ, ಅತ್ಯುಚ್ಚ ಗೇರಿಗೆ ಹಾಕಿ, ಕ್ಲಚ್ಚನ್ನು ಬಿಟ್ಟರೆ ಎಂಜಿನ್ ಉಸಿರುಗಟ್ಟಿ ನಿಲ್ಲುತ್ತದೆ. ಮೊದಲ ಗೇರನ್ನು ಬಳಸಬಾರದು; ಅದರಲ್ಲಿ ಚಕ್ರಗಳಿಗೆ ಬಲ ಹೆಚ್ಚಾಗಿ ಕಾರು ಬ್ರೇಕನ್ನು ಮೀರಿ ಮುಂದಕ್ಕೆ ನುಗ್ಗಬಹುದು. ಆಟೊಮ್ಯಾಟಿಕ್ ಗೇರಿನ ಕಾರಿನಲ್ಲಿ ಎಂಜಿನ್ ಮತ್ತು ಚಕ್ರಗಳ ನಡುವೆ ದ್ರವದ ಜೋಡಣೆ ಇರುವುದರಿಂದ ಈ ಉಪಾಯ ಫಲಿಸುವುದಿಲ್ಲ.

ನಾಲ್ಕನೆಯದು, ಟ್ಯಾಂಕಿನಿಂದ ಬರುವ ರಬ್ಬರ್ ಕೊಳವೆಯನ್ನು ಇಕ್ಕಳದಿಂದ ಅದುಮಿ ಹಿಡಿಯುವುದು. ಫಿಲ್ಟರಿನಲ್ಲಿ ಉಳಿದ ಡೀಸೆಲ್ ಮುಗಿಯುವವರೆಗೆ ಎಂಜಿನ್ ಓಡುವುದರಿಂದ ಇದು ನಿಧಾನದ ಉಪಾಯ. ಜೊತೆಗೆ ಇಂಧನದ ದಾರಿಯೊಳಗೆ ಗಾಳಿ ಸೇರಿಕೊಳ್ಳುತ್ತದೆ. ಮರಳಿ ಎಂಜಿನ್ ಹಚ್ಚುವ ಮೊದಲು ಕೈಪಂಪಿನಿಂದ ಆ ಗಾಳಿಯನ್ನು ಹೊರಹಾಕಬೇಕಾಗುತ್ತದೆ.

ಮಾಡಬಾರದ ಕೆಲಸಗಳು

ಎಂಜಿನ್ ಓಡುತ್ತಿರುವಾಗ ಬ್ಯಾಟರಿಯ ತಂತಿಯನ್ನು ಕಳಚುವುದು ಸಾಮಾನ್ಯವಾದ ತಪ್ಪು. ನಿರ್ವಾತ ಅಥವಾ ಕೇಬಲ್ ವ್ಯವಸ್ಥೆಯ ಎಂಜಿನ್ ಇದರಿಂದ ನಿಲ್ಲುವುದಿಲ್ಲ. ಬದಲಾಗಿ ಆಲ್ಟರ್ನೇಟರಿನ ವೋಲ್ಟೇಜು ಒಮ್ಮೆಲೇ ಏರಿ, ಅದರ ಡಯೋಡುಗಳು ಮತ್ತು ಕಾರಿನ ಇತರ ವಿದ್ಯುತ್ ಉಪಕರಣಗಳು ಸುಟ್ಟುಹೋಗಬಹುದು.

ಇಂಜೆಕ್ಟರಿಗೆ ಹೋಗುವ ಉಕ್ಕಿನ ಕೊಳವೆಗಳ ನಟ್ಟುಗಳನ್ನು ಸಡಿಲಿಸುವುದು ಇನ್ನೊಂದು ಅಪಾಯ. ಆ ಕೊಳವೆಗಳಲ್ಲಿ ಡೀಸೆಲ್ ಅತಿಯಾದ ಒತ್ತಡದಲ್ಲಿರುತ್ತದೆ. ಸೂಕ್ಷ್ಮವಾದ ಚಿಲುಮೆಯಾಗಿ ಹೊರಚಿಮ್ಮಿದರೆ ಅದು ಚರ್ಮವನ್ನು ಕೊರೆದು ಒಳಸೇರಬಲ್ಲದು. ಹೊರಗೆ ಸಣ್ಣ ಚುಕ್ಕೆಯಂತೆ ಕಂಡರೂ ಇದು ಶಸ್ತ್ರಚಿಕಿತ್ಸೆ ಬೇಕಾಗುವ ಗಾಯ. ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಕಾರು ಚಲಿಸುತ್ತಿರುವಾಗ ಕೀಲಿಯನ್ನು ಹೊರತೆಗೆಯಬಾರದು; ಸ್ಟಿಯರಿಂಗ್ ಬಿಗಿದುಕೊಳ್ಳುತ್ತದೆ. ಮುಚ್ಚಿದ ಶೆಡ್ಡಿನೊಳಗೆ ಎಂಜಿನನ್ನು ಓಡಲು ಬಿಟ್ಟು ಮೆಕ್ಯಾನಿಕನನ್ನು ಕಾಯಬಾರದು. ಹೊಗೆಯ ಅನಿಲಗಳು ಪ್ರಾಣಕ್ಕೆ ಕುತ್ತು ತರಬಲ್ಲವು. ಓಡುತ್ತಿರುವ ಕಾರಿನಲ್ಲಿ ಮಕ್ಕಳನ್ನು ಬಿಟ್ಟುಹೋಗಬಾರದು.

ದೋಷದ ಪತ್ತೆ

ನಿರ್ವಾತ ವ್ಯವಸ್ಥೆಯ ದೋಷ ಸಾಮಾನ್ಯವಾಗಿ ಒಂದೇ ದಿನದಲ್ಲಿ ಬರುವುದಿಲ್ಲ. ಮೊದಲು ಕೀಲಿ ತಿರುಗಿಸಿದ ಎರಡು ಮೂರು ಸೆಕೆಂಡುಗಳ ನಂತರ ಎಂಜಿನ್ ನಿಲ್ಲುತ್ತದೆ. ಆಮೇಲೆ ಹತ್ತು ಸೆಕೆಂಡು ಬೇಕಾಗುತ್ತದೆ. ಕೊನೆಗೊಂದು ದಿನ ನಿಲ್ಲುವುದೇ ಇಲ್ಲ. ನಿಲ್ಲಲು ತಗಲುವ ಸಮಯ ಹೆಚ್ಚುತ್ತಿರುವುದನ್ನು ಗಮನಿಸಿದವರಿಗೆ ದೋಷ ಮುಂಚಿತವಾಗಿಯೇ ತಿಳಿಯುತ್ತದೆ.

ಪತ್ತೆಗೆ ಬೇಕಾಗುವ ಉಪಕರಣ ಒಂದೇ: ಮಾಪಕವಿರುವ ಸಣ್ಣ ಕೈ ನಿರ್ವಾತ ಪಂಪು. ಸ್ಥಗನ ಕವಾಟಕ್ಕೆ ಬರುವ ಕೊಳವೆಯನ್ನು ಕಳಚಿ, ಅದರ ಜಾಗದಲ್ಲಿ ಈ ಪಂಪನ್ನು ಜೋಡಿಸಿ, ಓಡುತ್ತಿರುವ ಎಂಜಿನಿನ ಕವಾಟಕ್ಕೆ ನಿರ್ವಾತ ಕೊಡಬೇಕು. ಎಂಜಿನ್ ನಿಂತು, ಮಾಪಕದ ಮುಳ್ಳು ಅಲುಗದೆ ಉಳಿದರೆ ಸ್ಥಗನ ಕವಾಟ ಸರಿಯಾಗಿದೆ ಎಂದರ್ಥ. ದೋಷ ಅದಕ್ಕಿಂತ ಹಿಂದೆ ಇದೆ. ಮುಳ್ಳು ಕೆಳಗಿಳಿದರೆ ಕವಾಟದ ಪೊರೆ ಹರಿದಿದೆ. ಕಳಚಿದ ಕೊಳವೆಯೊಳಗೆ ಎಂಜಿನ್ ಎಣ್ಣೆ ಕಂಡುಬಂದರೂ ಪೊರೆ ಹರಿದಿದೆ ಎಂದೇ ತಿಳಿಯಬೇಕು, ಏಕೆಂದರೆ ಪಂಪಿನ ಹಿಂಭಾಗದ ಗೂಡಿನಲ್ಲಿ ಎಣ್ಣೆ ಇರುತ್ತದೆ. ಹೀಗೆ ಸೇರಿದ ಎಣ್ಣೆ ಕೊಳವೆಯ ಗುಂಟ ಕೀಲಿಯ ಕವಾಟದವರೆಗೂ ಹೋಗಿ, ಮುಂದಿನ ರಬ್ಬರ್ ಭಾಗಗಳನ್ನೂ ಕೆಡಿಸುತ್ತದೆ.

ಕವಾಟ ಸರಿಯಿದ್ದರೆ ಕೀಲಿಯ ಸ್ವಿಚ್ಚಿನಿಂದ ಬರುವ ಕೊಳವೆಯಲ್ಲಿ, ಕೀಲಿ ಆಫ್ ಇರುವಾಗ, ನಿರ್ವಾತ ಇದೆಯೇ ಎಂದು ಅಳೆಯಬೇಕು. ಇಲ್ಲದಿದ್ದರೆ ಸೆಂಟ್ರಲ್ ಲಾಕಿಗೂ ಹವಾನಿಯಂತ್ರಣಕ್ಕೂ ಹೋಗುವ ಕವಲುಗಳನ್ನು ಒಂದೊಂದಾಗಿ ಮುಚ್ಚಿ ನೋಡಬೇಕು. ಯಾವ ಕವಲನ್ನು ಮುಚ್ಚಿದಾಗ ಎಂಜಿನ್ ಕೂಡಲೇ ನಿಲ್ಲುತ್ತದೆಯೋ ಆ ಕವಲಿನಲ್ಲೇ ಸೋರಿಕೆ ಇರುತ್ತದೆ.

ಎಲ್ಲ ಕವಲುಗಳನ್ನು ಮುಚ್ಚಿದರೂ ನಿರ್ವಾತ ಕಡಿಮೆಯಿದ್ದರೆ ಮೂಲ ಪಂಪೇ ಸೋತಿದೆ. ಈ ಸಂದರ್ಭ ಉಳಿದೆಲ್ಲಕ್ಕಿಂತ ಗಂಭೀರವಾದುದು. ಅದೇ ಪಂಪು ಬ್ರೇಕಿಗೂ ಬಲ ಕೊಡುವುದರಿಂದ, ನಿಲ್ಲದ ಎಂಜಿನ್ ಇಲ್ಲಿ ನಿಲ್ಲದ ಕಾರಿನ ಮುನ್ಸೂಚನೆ. ಬ್ರೇಕ್ ಬೂಸ್ಟರನ್ನು ಸರಳವಾಗಿ ಪರೀಕ್ಷಿಸಬಹುದು: ಎಂಜಿನ್ ನಿಂತಿರುವಾಗ ಬ್ರೇಕ್ ಪೆಡಲನ್ನು ಗಟ್ಟಿಯಾಗುವವರೆಗೆ ಹಲವು ಸಲ ಒತ್ತಿ, ಕಾಲನ್ನು ಅದರ ಮೇಲೆಯೇ ಇಟ್ಟು ಎಂಜಿನ್ ಹಚ್ಚಬೇಕು. ಪೆಡಲ್ ಸ್ವಲ್ಪ ಕೆಳಗಿಳಿದರೆ ಬೂಸ್ಟರಿಗೆ ನಿರ್ವಾತ ತಲುಪುತ್ತಿದೆ. ಇಳಿಯದಿದ್ದರೆ ಕಾರನ್ನು ರಸ್ತೆಗೆ ಒಯ್ಯಬಾರದು. ಇದಲ್ಲದೆ ಹಳೆಯ ನಿರ್ವಾತ ಪಂಪಿನ ಬೇರಿಂಗ್ ಒಡೆದರೆ ಅದರ ಗುಂಡುಗಳು ಎಂಜಿನಿನ ಟೈಮಿಂಗ್ ಚೈನಿನ ನಡುವೆ ಬಿದ್ದು, ಇಡೀ ಎಂಜಿನ್ನೇ ಹಾಳಾಗಬಹುದು.

ಸೊಲೆನಾಯ್ಡ್ ವ್ಯವಸ್ಥೆಯಲ್ಲಿ ಪರೀಕ್ಷೆ ಇನ್ನೂ ಸರಳ. ಕೀಲಿ ಆಫ್ ಇದ್ದು ಎಂಜಿನ್ ಓಡುತ್ತಿರುವಾಗ ಸೊಲೆನಾಯ್ಡಿನ ತಂತಿಗೆ ಟೆಸ್ಟ್ ಲ್ಯಾಂಪ್ ಹಿಡಿಯಬೇಕು. ದೀಪ ಉರಿದರೆ ಕೀಲಿಯ ಸ್ವಿಚ್ಚಿನಲ್ಲೋ ತಂತಿಗಳ ಜಾಲದಲ್ಲೋ ದೋಷವಿದೆ; ಉರಿಯದಿದ್ದರೆ ಸೊಲೆನಾಯ್ಡಿನ ಕಡ್ಡಿಯನ್ನು ಬಿಚ್ಚಿ ನೋಡಬೇಕು. ಹಿಂದೊಮ್ಮೆ ಎಂಜಿನ್ ಹತ್ತದಿದ್ದಾಗ ದಾರಿಯಲ್ಲಿ ಯಾರಾದರೂ ಆ ಕಡ್ಡಿಯನ್ನೇ ತೆಗೆದುಹಾಕಿ ಕಾರನ್ನು ಊರು ಮುಟ್ಟಿಸಿರುವ ಸಾಧ್ಯತೆಯನ್ನೂ ನೆನಪಿನಲ್ಲಿಡಬೇಕು. ಹಳೆಯ ಕಾರನ್ನು ಹೊಸದಾಗಿ ಕೊಂಡವರಿಗೆ ಇಂತಹ ಅನುಭವ ಅಪರೂಪವಲ್ಲ.

ಅಂಕೆತಪ್ಪಿದ ಓಟ

ಡೀಸೆಲ್ ಎಂಜಿನ್ ಡೀಸೆಲನ್ನು ಮಾತ್ರವೇ ಉರಿಸುತ್ತದೆ ಎಂದೇನಿಲ್ಲ. ಒತ್ತಿದ ಬಿಸಿಗಾಳಿಯಲ್ಲಿ ಉರಿಯಬಲ್ಲ ಯಾವ ದ್ರವ ಅಥವಾ ಅನಿಲ ಗಾಳಿಯ ದಾರಿಯಿಂದ ಬಂದರೂ ಅದು ಇಂಧನವಾಗುತ್ತದೆ. ಟರ್ಬೊಚಾರ್ಜರಿನ ಸೀಲು ಸೋತು ಎಣ್ಣೆ ಒಳಸೇರುವುದು, ಎಂಜಿನಿಗೆ ಎಣ್ಣೆಯನ್ನು ಅಳತೆ ಮೀರಿ ತುಂಬುವುದು, ಪಿಸ್ಟನ್ ರಿಂಗುಗಳು ಸವೆದು ಉಸಿರುಗೊಳವೆಯ ಮೂಲಕ ಎಣ್ಣೆಯ ಆವಿ ಗಾಳಿದಾರಿಗೆ ಬರುವುದು, ಎಣ್ಣೆ ತೊಟ್ಟಿಯಿರುವ ಹಳೆಯ ಮಾದರಿಯ ಏರ್ ಕ್ಲೀನರಿನಲ್ಲಿ ಎಣ್ಣೆ ಹೆಚ್ಚಾಗಿರುವುದು ಇದರ ಮುಖ್ಯ ಕಾರಣಗಳು. ಎಂಜಿನ್ ವೇಗವಾದಷ್ಟೂ ಹೆಚ್ಚು ಎಣ್ಣೆಯನ್ನು ಎಳೆದುಕೊಳ್ಳುತ್ತದೆ; ಹೆಚ್ಚು ಎಣ್ಣೆ ಬಂದಷ್ಟೂ ಇನ್ನೂ ವೇಗವಾಗುತ್ತದೆ. ಎಣ್ಣೆ ತೀರುವವರೆಗೆ ಅಥವಾ ಎಂಜಿನ್ ಒಡೆಯುವವರೆಗೆ ಇದು ಮುಂದುವರಿಯುತ್ತದೆ.

ಇಲ್ಲಿ ಸ್ಟಾಪ್ ಲಿವರ್, ಸೊಲೆನಾಯ್ಡ್, ಕೀಲಿ ಯಾವುದೂ ನೆರವಾಗುವುದಿಲ್ಲ, ಏಕೆಂದರೆ ಉರಿಯುತ್ತಿರುವುದು ಪಂಪು ಕೊಡುವ ಇಂಧನವಲ್ಲ. ಇಂಜೆಕ್ಷನ್ ಪಂಪಿನ ನಿಯಂತ್ರಕ ದಂಡ ಪೂರ್ಣ ತೆರೆದ ಸ್ಥಿತಿಯಲ್ಲಿ ಸಿಕ್ಕಿಕೊಂಡಾಗಲೂ ಎಂಜಿನ್ ಹೀಗೆಯೇ ಓಡುವುದುಂಟು. ಆಗ ಮಾತ್ರ ಇಂಧನವನ್ನು ತಡೆಯುವುದರಿಂದ ಪ್ರಯೋಜನವಿದೆ.

ಕೈಗೇರಿನ ಕಾರಿನಲ್ಲಿ ಮೊದಲ ಕೆಲವು ಸೆಕೆಂಡುಗಳಲ್ಲೇ, ವೇಗ ಇನ್ನೂ ಬಹಳ ಏರದಿರುವಾಗ, ಅತ್ಯುಚ್ಚ ಗೇರಿಗೆ ಹಾಕಿ ಬ್ರೇಕ್ ಒತ್ತಿ ಕ್ಲಚ್ ಬಿಡುವುದು ಉತ್ತಮ ಉಪಾಯ. ಅದು ಸಾಧ್ಯವಾಗದಿದ್ದರೆ ಗಾಳಿಯ ದಾರಿಯನ್ನು ಮುಚ್ಚಬೇಕು. ಇದಕ್ಕೆ ದಪ್ಪ ಹಲಗೆ ಅಥವಾ ಲೋಹದ ತಗಡು ಬೇಕು. ಬಟ್ಟೆಯನ್ನು ಎಂಜಿನ್ ಎಳೆದು ನುಂಗುತ್ತದೆ. ಅಂಗೈಯನ್ನು ಅಡ್ಡ ಹಿಡಿದರೆ ತೀವ್ರವಾದ ಗಾಯವಾಗುತ್ತದೆ. ಇಂಗಾಲದ ಡೈಆಕ್ಸೈಡಿನ ಅಗ್ನಿಶಾಮಕವನ್ನು ಗಾಳಿದಾರಿಗೆ ಸಿಂಪಡಿಸಿದರೂ ಎಂಜಿನ್ ಆಮ್ಲಜನಕವಿಲ್ಲದೆ ನಿಲ್ಲುತ್ತದೆ. ವೇಗ ಈಗಾಗಲೇ ಮಿತಿಮೀರಿದ್ದರೆ ಬಾನೆಟ್ ತೆರೆಯಲು ಹೋಗಬಾರದು. ಎಲ್ಲರನ್ನೂ ಕಾರಿನಿಂದ ಇಳಿಸಿ ದೂರ ಸರಿಯಬೇಕು. ಆ ವೇಗದಲ್ಲಿ ಎಂಜಿನ್ ಒಡೆದರೆ ಲೋಹದ ಚೂರುಗಳು ಸಿಡಿಯುತ್ತವೆ. ಕಾರು ಹೋದರೆ ಹೋಗಲಿ, ಅದರ ಬಳಿ ಮನುಷ್ಯರು ಇರಬಾರದು.

ಹೊರಗಿನ ಅನಿಲವನ್ನು ಎಳೆದುಕೊಂಡ ಡೀಸೆಲ್ ಎಂಜಿನ್ ಎಷ್ಟು ದೊಡ್ಡ ಅನಾಹುತಕ್ಕೆ ಕಾರಣವಾಗಬಹುದು ಎಂಬುದಕ್ಕೆ ಅಮೆರಿಕದ ಟೆಕ್ಸಾಸ್ ಸಿಟಿಯ ತೈಲ ಶುದ್ಧೀಕರಣಾಗಾರದ ದುರಂತ ಸಾಕ್ಷಿ. 2005ರ ಮಾರ್ಚ್ 23ರಂದು ಅಲ್ಲಿ ಉರಿಯಬಲ್ಲ ಆವಿ ಸೋರಿ ಹರಡಿತು. ಹತ್ತಿರದಲ್ಲಿ ಎಂಜಿನ್ ಓಡುತ್ತಿದ್ದಂತೆಯೇ ನಿಲ್ಲಿಸಿದ್ದ ಡೀಸೆಲ್ ಪಿಕಪ್ ವಾಹನವು ಆ ಆವಿಯನ್ನು ಎಳೆದುಕೊಂಡು ವೇಗವೇರಿತು. ಬೆಂಕಿ ಹೊತ್ತಿದ್ದು ಬಹುಮಟ್ಟಿಗೆ ಆ ವಾಹನದಿಂದಲೇ ಎಂದು ಅಮೆರಿಕದ ರಾಸಾಯನಿಕ ಸುರಕ್ಷತಾ ಮಂಡಳಿಯ ತನಿಖೆ ತಿಳಿಸಿತು. ಆ ಸ್ಫೋಟದಲ್ಲಿ 15 ಕಾರ್ಮಿಕರು ಸತ್ತರು. ತೈಲಬಾವಿ ಮತ್ತು ಶುದ್ಧೀಕರಣಾಗಾರಗಳಲ್ಲಿ ಬಳಸುವ ಡೀಸೆಲ್ ಎಂಜಿನುಗಳಿಗೆ ಗಾಳಿಯ ದಾರಿಯನ್ನೇ ಮುಚ್ಚುವ ವಿಶೇಷ ಕವಾಟಗಳನ್ನು ಅಳವಡಿಸುವುದು ಇಂತಹ ಅಪಾಯವನ್ನು ತಡೆಯುವುದಕ್ಕಾಗಿಯೇ.

ಭಾರತದಲ್ಲಿ

ಭಾರತದಲ್ಲಿ 1980ರ ದಶಕದಲ್ಲಿ ಡೀಸೆಲ್ ಅಂಬಾಸಿಡರ್ ಟ್ಯಾಕ್ಸಿಗಳ ಮೂಲಕ ಡೀಸೆಲ್ ಕಾರು ಜನಸಾಮಾನ್ಯರಿಗೆ ಪರಿಚಿತವಾಯಿತು. ಅದರಲ್ಲಿದ್ದುದು ಬ್ರಿಟನ್ನಿನ ಬಿಎಂಸಿ ವಿನ್ಯಾಸದ 1489 ಸಿಸಿ ಎಂಜಿನ್. 1990ರ ದಶಕದಲ್ಲಿ ಫ್ರಾನ್ಸಿನ ಪೂಜೊ ಸಂಸ್ಥೆಯ ಟಿಯುಡಿ 5 ಎಂಜಿನನ್ನು ಅಳವಡಿಸಿದ ಮಾರುತಿ ಝೆನ್ ಡೀಸೆಲ್ ಕಾರು ಬಂದಿತು. ಮರ್ಸಿಡಿಸ್-ಬೆಂಝ್ ಡಬ್ಲ್ಯೂ 124 ಮಾದರಿಯ ಕಾರುಗಳ ಜೋಡಣೆ ಪುಣೆಯಲ್ಲಿ 1995ರಲ್ಲಿ ಆರಂಭವಾಯಿತು. ಆ ಮಾದರಿಯ ಡೀಸೆಲ್ ಕಾರುಗಳಲ್ಲಿಯೂ ನಿರ್ವಾತದಿಂದ ನಿಲ್ಲಿಸುವ ಪದ್ಧತಿಯೇ ಬಳಕೆಯಲ್ಲಿತ್ತು. ಖಾಸಗಿ ಕಾರಿನ ನೋಂದಣಿಯನ್ನು 15 ವರ್ಷಗಳ ನಂತರ ನವೀಕರಿಸಲು ಅವಕಾಶವಿದೆ. ಹಾಗಾಗಿ ಇಂತಹ ಕೆಲವು ಕಾರುಗಳು ಹವ್ಯಾಸಿಗಳ ಬಳಿ ಇನ್ನೂ ಉಳಿದಿವೆ.

ಕರ್ನಾಟಕದ ಹಳ್ಳಿಗಳಲ್ಲಿ ಟ್ರ್ಯಾಕ್ಟರು ಮತ್ತು ಡೀಸೆಲ್ ಪಂಪ್‌ಸೆಟ್ಟುಗಳನ್ನು ಬಳಸಿದವರಿಗೆ, ಎಂಜಿನ್ ನಿಲ್ಲುವುದು ಇಂಧನವನ್ನು ತಡೆಯುವ ಲಿವರಿನಿಂದ ಎಂಬುದು ಕೈಬಳಕೆಯಿಂದಲೇ ಗೊತ್ತಿರುತ್ತದೆ. ಕೀಲಿಯಿಂದ ನಿಲ್ಲಿಸುವ ಕಾರಿನಲ್ಲಿ ಅದೇ ಲಿವರ್ ಬಾನೆಟ್ಟಿನ ಕೆಳಗೆ ಮರೆಯಾಗಿರುವುದರಿಂದ, ಕಾರು ಓಡಿಸುವವರಿಗೆ ಈ ತಿಳಿವಳಿಕೆ ತಪ್ಪಿಹೋಗುತ್ತದೆ.

ಮುನ್ನೆಚ್ಚರಿಕೆ

ಹಳೆಯ ಡೀಸೆಲ್ ಕಾರನ್ನು ಬಳಸುವವರು ತಮ್ಮ ಕಾರಿನ ಎಂಜಿನ್ ಮೂರು ವಿಧಗಳಲ್ಲಿ ಯಾವುದರಿಂದ ನಿಲ್ಲುತ್ತದೆ ಎಂಬುದನ್ನು ತಿಳಿದಿರಬೇಕು. ಸ್ಟಾಪ್ ಲಿವರ್ ಇರುವ ಜಾಗವನ್ನು, ಎಂಜಿನ್ ಸರಿಯಿರುವಾಗಲೇ, ಮನೆಯ ಎಲ್ಲ ಚಾಲಕರಿಗೂ ತೋರಿಸಿ ಒಮ್ಮೆ ಅದರಿಂದಲೇ ನಿಲ್ಲಿಸಿ ಅಭ್ಯಾಸ ಮಾಡಿಸುವುದು ಒಳ್ಳೆಯದು. ನಿರ್ವಾತದ ಕೊಳವೆಗಳನ್ನು ಸೇರಿಸುವ ರಬ್ಬರ್ ಜೋಡಣೆಗಳು ಬೆಲೆಯಲ್ಲಿ ಅಲ್ಪವಾದವು. ಅವು ಗಡುಸಾಗಿ ಬಿರುಕು ಬಿಡುವ ಮುನ್ನ ಬದಲಿಸಬೇಕು. ಎಂಜಿನ್ ಎಣ್ಣೆಯನ್ನು ಅಳತೆಕಡ್ಡಿಯ ಮೇಲಿನ ಗುರುತನ್ನು ಮೀರಿ ತುಂಬಬಾರದು. ಟರ್ಬೊ ಇರುವ ಕಾರಿನ ಗಾಳಿಕೊಳವೆಯಲ್ಲಿ ಎಣ್ಣೆ ಒಸರುತ್ತಿದ್ದರೆ ಅದನ್ನು ಅಲಕ್ಷಿಸಬಾರದು.

ಇಂದಿನ ಕಾರುಗಳಲ್ಲಿ

ಕಾಮನ್ ರೈಲ್ ಎಂಬ ಇಂಧನ ವ್ಯವಸ್ಥೆ 1997ರಲ್ಲಿ ಆಲ್ಫಾ ರೋಮಿಯೊ 156 ಕಾರಿನ ಮೂಲಕ ಮಾರುಕಟ್ಟೆಗೆ ಬಂದ ಮೇಲೆ ಡೀಸೆಲ್ ಎಂಜಿನ್ ವಿದ್ಯುತ್ತಿಗೆ ಪೂರ್ಣವಾಗಿ ಅಧೀನವಾಯಿತು. ಪ್ರತಿಯೊಂದು ಇಂಜೆಕ್ಟರನ್ನೂ ಕಂಪ್ಯೂಟರ್ ತೆರೆದು ಮುಚ್ಚುವುದರಿಂದ, ಕೀಲಿ ಆಫ್ ಆದರೆ ಇಂಧನ ಸಿಂಪಡಣೆಯೇ ನಿಲ್ಲುತ್ತದೆ. ಹಲವು ಹೊಸ ಎಂಜಿನುಗಳಲ್ಲಿ ಗಾಳಿಯ ದಾರಿಗೂ ಒಂದು ಬಾಗಿಲನ್ನು ಇಡಲಾಗಿದೆ. ಹೀಗಾಗಿ ಇಂಧನ ತಡೆಯ ದೋಷದಿಂದ ಎಂಜಿನ್ ನಿಲ್ಲದಿರುವುದು ಹೊಸ ಕಾರುಗಳಲ್ಲಿ ಬಹಳ ಅಪರೂಪ. ಆದರೆ ಟರ್ಬೊಚಾರ್ಜರಿನಿಂದ ಸೋರುವ ಎಣ್ಣೆಗೆ ಕಂಪ್ಯೂಟರಿನ ಹಂಗಿಲ್ಲ. ಅಂಕೆತಪ್ಪಿದ ಓಟದ ಸಾಧ್ಯತೆ ಹೊಸ ಡೀಸೆಲ್ ಕಾರುಗಳಲ್ಲಿಯೂ ಪೂರ್ಣವಾಗಿ ಇಲ್ಲವಾಗಿಲ್ಲ.